ಪರದೇಶದ ವಿದ್ಯುತ್ ಉಪಕರಣ: ಫಲಕ ಓದಿ ಜೋಡಿಸಿರಿ

ಬೀದರ, ಭಾಲ್ಕಿ, ಔರಾದ ಭಾಗದ ರೈತ ಬಾಂಧವರು ಪರದೇಶದಿಂದ ಬಂಧುಗಳು ತಂದ ಹೀಟರು, ಮಿಕ್ಸರು, ಸಣ್ಣ ಪಂಪುಗಳನ್ನು ಪರೀಕ್ಷಿಸದೆ ಪ್ಲಗ್ಗಿಗೆ ಹಾಕಬಾರದು. ನಮ್ಮ ಮನೆಗಳ ವಿದ್ಯುತ್ 230 ವೋಲ್ಟ್, 50 ಹರ್ಟ್ಸ್. ಅಮೆರಿಕದ್ದು 120 ವೋಲ್ಟ್, 60 ಹರ್ಟ್ಸ್. ಸೌದಿಯ ಹಳೆಯ ಮನೆಗಳದ್ದು 127 ವೋಲ್ಟ್, 60 ಹರ್ಟ್ಸ್. 120 ವೋಲ್ಟಿನ ಹೀಟರಿಗೆ 230 ವೋಲ್ಟ್ ಹಾಯಿಸಿದರೆ ಶಾಖವು ಮೂರೂವರೆ ಪಟ್ಟಿಗೂ ಮೀರಿ ತಂತಿ ಸುಡುತ್ತದೆ, ಬೆಂಕಿಯೂ ಹತ್ತಬಹುದು.

ಮೊದಲು ಉಪಕರಣದ ಫಲಕವನ್ನು ಓದಿರಿ. ‘100–240 ವೋಲ್ಟ್, 50/60 ಹರ್ಟ್ಸ್’ ಎಂದಿದ್ದರೆ ನಮ್ಮ ಪ್ಲಗ್ ಜೋಡಿಸಿದರೆ ಸಾಕು. 120 ಅಥವಾ 127 ಎಂದಷ್ಟೇ ಇದ್ದರೆ ವೋಲ್ಟೇಜ್ ಇಳಿಸುವ ಟ್ರಾನ್ಸ್‌ಫಾರ್ಮರ್ ಅವಶ್ಯ. ಅದರ ಸಾಮರ್ಥ್ಯ ಉಪಕರಣದ ವ್ಯಾಟಿಗಿಂತ ಹೆಚ್ಚಿರಬೇಕು. ಮೋಟಾರು ಆರಂಭದಲ್ಲಿ ಹೆಚ್ಚು ವಿದ್ಯುತ್ ಎಳೆಯುವುದರಿಂದ ಅದಕ್ಕೆ ಇನ್ನೂ ದೊಡ್ಡದು ಬೇಕು.

ಆದರೆ ಟ್ರಾನ್ಸ್‌ಫಾರ್ಮರ್ ಹರ್ಟ್ಸನ್ನು ಬದಲಿಸದು. 60 ಹರ್ಟ್ಸಿನ ಪಂಪಿನ ಇಂಡಕ್ಷನ್ ಮೋಟಾರು ಇಲ್ಲಿ ಆರರಲ್ಲಿ ಐದು ಪಾಲು ವೇಗದಲ್ಲಿ ತಿರುಗಿ, ನೀರು ಕಡಿಮೆ ಎತ್ತಿ, ಹೆಚ್ಚು ಕಾಯುತ್ತದೆ. ಅಂಥ ಪಂಪನ್ನು ತರಿಸದಿರುವುದೇ ಲೇಸು.