ಮುಂದಿನ ಸಂಚಿಕೆ ಯಾವಾಗ ಬರುತ್ತೆ?

ಅಮರ ಚಿತ್ರಕಥೆಯ ಹಳೆಯ ಇಂಗ್ಲಿಷ್ ಪುಸ್ತಕಗಳನ್ನು ಕೂಡಿಡುವ ಚಟ ಹತ್ತಿದವರು ಮೊದಲು ಮುಗ್ಗರಿಸುವುದು ಸಂಖ್ಯೆಯಲ್ಲೇ. ಸರಣಿಯ ಮೊದಲ ಪುಸ್ತಕ ಎಂದು ಎಲ್ಲರೂ ಹೇಳುವ ‘ಕೃಷ್ಣ’ದ ಮೇಲೆ 11 ಎಂದಿದೆ. ಹಾಗಾದರೆ ಒಂದರಿಂದ ಹತ್ತು ಎಲ್ಲಿ? ಅವು ಕನ್ನಡದಲ್ಲಿದ್ದವು. 1965ರಲ್ಲಿ, ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್, ಕನ್ನಡ ಓದುವ ಮಕ್ಕಳಿಗೂ ಬಣ್ಣದ ಚಿತ್ರಕಥೆ ಬೇಕೆಂದು ಮುಂಬಯಿಯ ಮುಖ್ಯ ಕಚೇರಿಯನ್ನು ಒಪ್ಪಿಸಿದರು. ಸಿಂಡ್ರೆಲಾ, ಪಿನೋಕಿಯೊ, ಅಲ್ಲಾದ್ದೀನನಂಥ ಹೊರಗಿನ ಕಥೆಗಳೇ. ಮಾತು ಮಾತ್ರ ನಮ್ಮದು. ಪುಸ್ತಕಗಳು ಚೆನ್ನಾಗಿ ಖರ್ಚಾದವು. ಆ ಧೈರ್ಯದ ಮೇಲೆ ಮುಂಬಯಿಯವರು ಇಂಗ್ಲಿಷಿಗೆ ಕೈಹಾಕಿದರು, ಲೆಕ್ಕವನ್ನು ಹನ್ನೊಂದರಿಂದ ಮುಂದುವರಿಸಿದರು.

ಅಮರ ಚಿತ್ರಕಥೆ ಹುಟ್ಟಿದ ಬಗ್ಗೆ ನಾವು ಸಾಮಾನ್ಯವಾಗಿ ಕೇಳಿರುವುದು ಇನ್ನೊಂದು ಕಥೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ 1967ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿದ್ದಾಗ ದೂರದರ್ಶನದಲ್ಲಿ ಒಂದು ರಸಪ್ರಶ್ನೆ ಕಾರ್ಯಕ್ರಮ ನೋಡಿದರು. ಗ್ರೀಕರ ದೇವತೆಗಳ ಬಗ್ಗೆ ಪಟಪಟನೆ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಈ ಸಂಗತಿ ಎಷ್ಟು ಸಲ ಅಚ್ಚಾಗಿದೆಯೋ ಲೆಕ್ಕವಿಲ್ಲ. ಆದರೆ ಪೈಯವರು ಆ ಟಿ.ವಿ.ಯನ್ನು ನೋಡಿದ್ದು ಮಹಾರಾಜ ಲಾಲ್ ಅಂಡ್ ಸನ್ಸ್ ಎಂಬ ಪುಸ್ತಕದಂಗಡಿಯಲ್ಲಿ ಎಂಬುದನ್ನು ಯಾರೂ ಒತ್ತಿ ಹೇಳುವುದಿಲ್ಲ. ಎರಡು ಕಥೆಯಲ್ಲೂ ಅಂಗಡಿಯೇ ಇದೆ. ‘ಅಂಕಲ್ ಪೈ’ ಅವರ ದುಡಿಮೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೂ ನನ್ನ ಒಲವು ಅನಂತರಾಮ್ ಕಡೆಗೇ ವಾಲುತ್ತದೆ. ಅವರು ಬರೆದವರಲ್ಲ, ಚಿತ್ರ ಬಿಡಿಸಿದವರೂ ಅಲ್ಲ. ಮಾರುವವರು. ಕಪಾಟಿನಲ್ಲಿ ಏನಿದೆ ಎಂಬುದಷ್ಟೇ ಅಲ್ಲ, ಏನಿಲ್ಲ ಎಂಬುದೂ ಮಾರುವವನಿಗೇ ಮೊದಲು ತಿಳಿಯುತ್ತದೆ.

ಕಾಮಿಕ್ಸ್ ಮಾತ್ರವೇ ಮಾರುವ ಅಂಗಡಿಯನ್ನು ನಮ್ಮ ತೆಂಗಿನ ಸೀಮೆಯಲ್ಲಿ ನಾನು ಕಂಡಿಲ್ಲ. ತುರುವೇಕೆರೆ ತಾಲ್ಲೂಕಿನ ಅಮ್ಮಸಂದ್ರದಲ್ಲಂತೂ ಅದಕ್ಕೊಂದು ಅವಕಾಶವಿತ್ತು ಅನ್ನಿಸುತ್ತದೆ. ಬೆಂಗಳೂರಿನಿಂದ ಅರಸೀಕೆರೆಗೆ ಹೋಗುವ ರೈಲುದಾರಿಯಲ್ಲಿ ಸಂಪಿಗೆ ರೋಡ್ ದಾಟಿದರೆ ಸಿಗುವ ಊರು. ಮೈಸೂರು ಸಿಮೆಂಟ್ಸ್ ಕಾರ್ಖಾನೆ, ಪಕ್ಕದಲ್ಲೇ ಆದಿತ್ಯಪಟ್ಟಣದ ವಸತಿಗೃಹಗಳು. ತಿಂಗಳ ಸಂಬಳದ ಮನೆಗಳು, ಓದುವ ಮಕ್ಕಳು, ಹಗಲಿಡೀ ಓಡಾಡುವ ರೈಲು. ಚಿತ್ರಕಥೆ ಮಾತ್ರ ನಮ್ಮ ಕಡೆಯ ಊರುಗಳಿಗೆಲ್ಲ ಬರುತ್ತಿದ್ದುದು ಪೇಪರ್ ಏಜೆಂಟರ ಬಂಡಲಿನ ನಡುವೆ. ಬೀಡಿ, ಬಾಳೆಹಣ್ಣು, ಲಾಟರಿ ಟಿಕೆಟ್ಟಿನ ಪೆಟ್ಟಿಗೆ ಅಂಗಡಿಯ ಮುಂದೆ ಅಡ್ಡ ಕಟ್ಟಿದ ಹುರಿ. ಅದರ ಮೇಲೆ ಮಡಿಸಿ ನೇತುಹಾಕಿದ ಸುಧಾ, ತರಂಗ, ಚಂದಮಾಮ, ಬಾಲಮಂಗಳ. ಹುರಿಯ ತುದಿಯಲ್ಲಿ ಇರುತ್ತಿದ್ದ ಬಾಲಮಂಗಳದ ಮೇಲಿನ ಮೂಲೆ ಮಾತ್ರ ಬೇಗ ಮಾಸುತ್ತಿತ್ತು. ಕೊಳ್ಳುವ ಮೊದಲೇ ಅದರ ನಾಯಕ ಡಿಂಗ ಈ ಸಲ ಯಾರನ್ನು ಕಾಪಾಡಿದ ಎಂದು ನಿಂತಲ್ಲೇ ಎತ್ತಿ ನೋಡಿದ ಬೆರಳುಗಳ ಗುರುತು ಅದು. ಅಂಗಡಿಯವರು ಗದರುತ್ತಿದ್ದರು, ನಿಜ. ಆದರೆ ಪೂರ್ತಿ ಓಡಿಸುತ್ತಿರಲಿಲ್ಲ, ಅದೇ ಹುಡುಗರು ನಾಳಿನ ಗಿರಾಕಿಗಳು.

ಅಲ್ಲಿ ದಿನವೂ ನಡೆಯುತ್ತಿದ್ದ ಸಂಭಾಷಣೆ ಇಷ್ಟೇ. “ಅಣ್ಣಾ, ಬಂತಾ?” “ಇಲ್ಲ ಕಣೋ, ನಾಳೆ ಬಾ.” ಕಾಮಿಕ್ಸ್ ವ್ಯಾಪಾರದ ಒಳಗುಟ್ಟೆಲ್ಲ ಈ ಎರಡು ಸಾಲಿನಲ್ಲಿದೆ. ಕಾದಂಬರಿ ಕೊಂಡವನು ಒಮ್ಮೆ ಕೊಂಡು ಹೋಗುತ್ತಾನೆ. ಚಿತ್ರಕಥೆಯ ಗಿರಾಕಿ ‘ಮುಂದುವರಿಯುವುದು’ ಎಂಬಲ್ಲಿ ಉಸಿರು ಬಿಗಿಹಿಡಿದು ನಿಂತಿರುತ್ತಾನೆ. ನಡುವೆ ಒಂದು ಸಂಚಿಕೆ ತಪ್ಪಿದರೆ ಕಥೆಯೂ ತಪ್ಪಿತು, ಗಿರಾಕಿಯೂ ತಪ್ಪಿದ. ಯಾವುದು ಬಂತು, ಯಾವುದು ತಡ, ಯಾವುದು ನಿಂತೇಹೋಯಿತು ಎಂದು ಹೇಳುತ್ತಿರುವುದು ಈ ವ್ಯಾಪಾರದಲ್ಲಿ ಉಪಚಾರವಲ್ಲ, ಕಸುಬು.

ಈ ಕಸುಬನ್ನು ಅಮೆರಿಕದವರು ಒಂದು ವ್ಯವಸ್ಥೆಯಾಗಿ ಕಟ್ಟಿದರು. ಅಲ್ಲಿಯೂ ಮೊದಲು ಪೇಪರ್ ಅಂಗಡಿಗಳೇ. ಮಾರದೆ ಉಳಿದದ್ದನ್ನು ವಾಪಸ್ ಕೊಡಬಹುದಿತ್ತು. 1970ರ ದಶಕದ ಮೊದಲ ಭಾಗದಲ್ಲಿ ಫಿಲ್ ಸೂಲಿಂಗ್ ಎಂಬ ನ್ಯೂಯಾರ್ಕಿನ ಮೇಷ್ಟರು ಪ್ರಕಾಶಕರ ಜೊತೆ ಹೊಸ ಕರಾರು ಮಾಡಿಕೊಂಡರು: ರಿಯಾಯಿತಿ ಜಾಸ್ತಿ ಕೊಡಿ, ಉಳಿದದ್ದನ್ನು ನಾವು ವಾಪಸ್ ಕಳಿಸುವುದಿಲ್ಲ. ಕಾಮಿಕ್ಸ್‌ಗೆಂದೇ ಇರುವ ಸಾವಿರಾರು ಸ್ವತಂತ್ರ ಅಂಗಡಿಗಳು ಈ ಕರಾರಿನ ಮೇಲೆ ಎದ್ದವು. ಉಳಿದರೆ ನಷ್ಟ ಅಂಗಡಿಯವನದೇ ಆದ್ದರಿಂದ, ಯಾರಿಗೆ ಏನು ಬೇಕೆಂದು ಮೊದಲೇ ಗೊತ್ತಿರಲೇಬೇಕು. ಎರಡು ತಿಂಗಳ ನಂತರ ಬರುವ ಪುಸ್ತಕಗಳ ಪಟ್ಟಿ ಈಗಲೇ ಬರುತ್ತದೆ; ಗಿರಾಕಿ ತನಗೆ ಬೇಕಾದ್ದಕ್ಕೆ ಗುರುತು ಹಾಕುತ್ತಾನೆ; ಅವನ ಹೆಸರಿನ ಡಬ್ಬಿಯಲ್ಲಿ ಅಂಗಡಿಯವನು ಬಂದದ್ದನ್ನು ಎತ್ತಿಡುತ್ತಾನೆ. ಇಷ್ಟು ಚೊಕ್ಕ ವ್ಯವಸ್ಥೆಗೂ ಒಂದು ಹುಳುಕಿತ್ತು. ಹೆಚ್ಚುಕಡಿಮೆ ಎಲ್ಲ ಸರಕೂ ಡೈಮಂಡ್ ಎಂಬ ಒಬ್ಬನೇ ವಿತರಕನ ಕೈಯಿಂದ ಬರತೊಡಗಿತು. 2025ರ ಜನವರಿಯಲ್ಲಿ ಅದು ದಿವಾಳಿ ಅರ್ಜಿ ಹಾಕಿದಾಗ ಅಂಗಡಿಯವರು ಪರದಾಡಿದರು.

ಅಷ್ಟು ದೂರ ಯಾಕೆ, ಶಿವಕಾಶಿಗೆ ಹೋಗಿ ಬಂದರೆ ಸಾಕು. ಪಟಾಕಿ, ಬೆಂಕಿಪೊಟ್ಟಣ, ಕ್ಯಾಲೆಂಡರಿನ ಆ ಊರಿನಲ್ಲಿ 1972ರಲ್ಲಿ ಮುತ್ತು ಕಾಮಿಕ್ಸ್ ಶುರುವಾಯಿತು. ಅದೇ ಮನೆತನದ ಲಯನ್ ಕಾಮಿಕ್ಸ್ 1984ರಲ್ಲಿ. ಯುರೋಪಿನ ಕೌಬಾಯ್‌ಗಳು, ಪತ್ತೇದಾರರು ಅಲ್ಲಿ ತಮಿಳು ಮಾತಾಡುತ್ತಾರೆ, ಇವತ್ತಿಗೂ. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಟೈಮ್ಸ್ ಆಫ್ ಇಂಡಿಯಾದ ಬೆಂಬಲದಲ್ಲಿ ಹುಟ್ಟಿ, ಕನ್ನಡದಲ್ಲೂ ಬಂದು, 1990ರಲ್ಲಿ ಕಣ್ಮುಚ್ಚಿತು. ಅಷ್ಟು ದೊಡ್ಡ ಸಂಸ್ಥೆಗೆ ಆಗದ್ದು ಶಿವಕಾಶಿಯ ಒಂದು ಮನೆಗೆ ಹೇಗಾಯಿತು? ಸಂಪಾದಕ ಎಸ್. ವಿಜಯನ್ ಪ್ರತಿ ಪುಸ್ತಕದಲ್ಲೂ ಓದುಗರಿಗೆ ಒಂದು ಪುಟ ಬರೆಯುತ್ತಾರೆ. ಮುಂದೆ ಏನು ಬರುತ್ತಿದೆ, ಯಾವುದು ತಡವಾಯಿತು, ಯಾಕೆ ತಡವಾಯಿತು, ಎಲ್ಲ ಅಲ್ಲಿರುತ್ತದೆ. ಚಂದಾ ಮುಂಗಡವಾಗಿ ಬರುತ್ತದೆ. ಮಾರಾಟದ ಸಂಖ್ಯೆ ದೊಡ್ಡದಲ್ಲದಿದ್ದರೂ ಗಿರಾಕಿ ಯಾರೆಂದು ಗೊತ್ತು. ನಮ್ಮ ಕಡೆ ಬಾಲಮಂಗಳ ಹುರಿಯಿಂದ ಇಳಿದದ್ದು ಯಾವಾಗ ಎಂದು ಅದನ್ನೇ ಓದಿ ಬೆಳೆದವರನ್ನು ಕೇಳಿ; ಒಬ್ಬೊಬ್ಬರು ಒಂದೊಂದು ವರ್ಷ ಹೇಳುತ್ತಾರೆ. “ನಾಳೆ ಬಾ” ಎಂದ ಅಂಗಡಿಯವನಿಗೂ ಯಾರೂ ಹೇಳಿರಲಿಲ್ಲವೇನೋ.

ಬೆಂಗಳೂರಿನಲ್ಲಿ ಈ ಕಸುಬಿನ ಮೇಷ್ಟ್ರೆಂದರೆ ಪ್ರೀಮಿಯರ್ ಬುಕ್‌ಶಾಪಿನ ಟಿ.ಎಸ್. ಶಾನಭಾಗರು. 1971ರಿಂದ 2009ರವರೆಗೆ ಚರ್ಚ್ ಸ್ಟ್ರೀಟಿನ ಬಳಿ ಇಕ್ಕಟ್ಟಿನ ಒಂದು ಕೋಣೆಯಲ್ಲಿ ಅಟ್ಟಿಗಟ್ಟಲೆ ಪುಸ್ತಕ ಪೇರಿಸಿಟ್ಟು, ಯಾರ ರುಚಿ ಯಾವುದೆಂದು ತಲೆಯಲ್ಲೇ ಇಟ್ಟುಕೊಂಡಿದ್ದರು. ಅವರದು ಕಾಮಿಕ್ಸ್ ಅಂಗಡಿಯಲ್ಲ. ಹಳೆಯ ಟಿನ್‌ಟಿನ್, ಆಸ್ಟೆರಿಕ್ಸ್, ಇಂದ್ರಜಾಲ ಬೇಕೆಂದವರು ಇವತ್ತು ಹೋಗುವುದು ಅದೇ ಚರ್ಚ್ ಸ್ಟ್ರೀಟಿನ ಬ್ಲಾಸಮ್‌ಗೆ. ಅದನ್ನು ಕಟ್ಟಿದ ಮಾಯಿ ಗೌಡರು ಎಂಜಿನಿಯರಿಂಗ್ ಓದುತ್ತಲೇ ಎಂ.ಜಿ. ರಸ್ತೆಯ ಫುಟ್‌ಪಾತಿನಲ್ಲಿ ಪುಸ್ತಕ ಹರಡಿಕೊಂಡು ಕೂತವರು. ಹಳೆಯ ಸಂಚಿಕೆಗಳ ವ್ಯಾಪಾರ ಹೊಸತಕ್ಕಿಂತ ಬೇರೆ. ನಮ್ಮವರಿಗೆ ಅದನ್ನು ವಿವರಿಸಬೇಕಿಲ್ಲ. ಕಾಯಿಯನ್ನು ಅಟ್ಟಕ್ಕೇರಿಸಿ ಹತ್ತಿರ ಹತ್ತಿರ ವರ್ಷ ಬಿಟ್ಟರೆ ಉಂಡೆ ಕೊಬ್ಬರಿ, ತಿಪಟೂರಿನ ಹರಾಜಿನಲ್ಲಿ ರೇಟು ಏರಿದ ದಿನ ಇಳಿಸಿದರಾಯಿತು. ಹಳೆಯ ಇಂದ್ರಜಾಲವೂ ಹಾಗೇ ಅಟ್ಟದಲ್ಲಿ ಬೆಲೆ ಕೂಡಿಸಿಕೊಳ್ಳುತ್ತದೆ, ಗೆದ್ದಲು ಹತ್ತದಿದ್ದರೆ.

ಹಾಗಾದರೆ ಅಮ್ಮಸಂದ್ರದಂಥ ಊರಲ್ಲಿ ಈಗ ಯಾರಾದರೂ ಇಂಥ ಅಂಗಡಿ ಇಟ್ಟರೆ ನಡೆದೀತೇ? ಕಾಮಿಕ್ಸ್ ಒಂದನ್ನೇ ನೆಚ್ಚಿದರೆ ನಡೆಯುವುದಿಲ್ಲ. ಕನ್ನಡದಲ್ಲಿ ತಿಂಗಳು ತಿಂಗಳು ಹೊಸ ಚಿತ್ರಕಥೆ ಬರುವುದೇ ಅಪರೂಪ. ಕನ್ನಡದ ಅಮರ ಚಿತ್ರಕಥೆ, ಪ್ರಥಮ್ ಬುಕ್ಸ್‌ನ ಚಿತ್ರಪುಸ್ತಕಗಳು, ಒಂದಿಷ್ಟು ಇಂಗ್ಲಿಷ್ ಟಿಂಕಲ್, ಬೆಂಗಳೂರಿನಿಂದ ತಂದ ಹಳೆಯ ಸರಕು. ಜೊತೆಗೆ ನೋಟ್‌ಬುಕ್, ಜೆರಾಕ್ಸ್ ಇದ್ದರೆ ಬಾಡಿಗೆ ಹುಟ್ಟೀತು. ಹಿಂದಿನ ಸರ್ಕ್ಯುಲೇಟಿಂಗ್ ಲೈಬ್ರರಿಗಳ ಹಾಗೆ ದಿನದ ಬಾಡಿಗೆಗೆ ಕೊಡುವ ಪದ್ಧತಿಯನ್ನು ಮತ್ತೆ ಹಿಡಿದರೆ ಇನ್ನೂ ವಾಸಿ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಎಂಬುದೊಂದು ಸಮಾಧಾನ. ಹೂಡಿಕೆಯಲ್ಲಿ ಕೈಬಿಡಬಾರದ್ದು ಒಂದು ಉದ್ದನೆಯ ರೂಲು ಹಾಕಿದ ಪುಸ್ತಕ: ಎಡಕ್ಕೆ ಹುಡುಗನ ಅಥವಾ ಹುಡುಗಿಯ ಹೆಸರು, ಮನೆಯ ಫೋನ್ ನಂಬರು, ಓದಿ ಮುಗಿಸಿದ ಕೊನೆಯ ಸಂಚಿಕೆ, ಬಲಕ್ಕೆ ಕೇಳಿ ಸಿಗದೆ ಹೋದದ್ದು. ಬಲಗಡೆಯ ಅಂಕಣವೇ ಮುಂದಿನ ಖರೀದಿಯ ಪಟ್ಟಿ. ಸರಕು ಬಂದ ದಿನ ಅಪ್ಪನ ಫೋನಿಗೆ ಒಂದು ವಾಟ್ಸ್ಆ್ಯಪ್ ಸಂದೇಶ ಹಾಕಿದರಾಯಿತು. ಬಾರದಿದ್ದರೂ ಹಾಕಬೇಕು, ಅದನ್ನೇ ಅಂಗಡಿಯವರು ಮರೆಯುವುದು.

ದೂರದ ಗಿರಾಕಿಗೆ ಕಳಿಸುವ ದಾರಿ 2025ರ ಮೇ ಒಂದರಿಂದ ಸ್ವಲ್ಪ ಸಲೀಸಾಗಿದೆ. ಅಂಚೆ ಇಲಾಖೆ ಪುಸ್ತಕಗಳಿಗೆಂದೇ ‘ಜ್ಞಾನ್ ಪೋಸ್ಟ್’ ತಂದಿದೆ. 300 ಗ್ರಾಮಿಗೆ 20 ರೂಪಾಯಿ, ಐದು ಕಿಲೋಗೆ 100, ತೆರಿಗೆ ಬೇರೆ. ಆದರೆ ನಿಯತಕಾಲಿಕಗಳಿಗೂ ಜಾಹೀರಾತು ಇರುವ ಪ್ರಕಟಣೆಗಳಿಗೂ ಈ ದರ ಇಲ್ಲ. ಅಂದರೆ ಬಿಡಿ ಅಮರ ಚಿತ್ರಕಥೆ ಅಂಚೆಯಲ್ಲಿ ಅಗ್ಗಕ್ಕೆ ಹೋಗಬಹುದು. ತಿಂಗಳ ಸಂಚಿಕೆಯನ್ನು, ಹುಡುಗರು ನಿಜವಾಗಿ ಕಾಯುವುದು ಅದಕ್ಕೇ, ಮಾಮೂಲಿ ದರದ ಅಂಚೆಗೋ ಬಸ್ಸಿನ ಪಾರ್ಸೆಲ್ಲಿಗೋ ಹಾಕಬೇಕು. ಆ ಖರ್ಚು ಗಿರಾಕಿಯದೋ ಅಂಗಡಿಯದೋ ಎಂಬುದನ್ನು ಚಂದಾ ಕಟ್ಟಿಸಿಕೊಳ್ಳುವಾಗಲೇ ಬಾಯಿಬಿಟ್ಟು ಹೇಳಿಬಿಡುವುದು ಲೇಸು.