ಆಯಿಯನ್ನೂ ಕೇಳಿರಿ, ಪುಸ್ತಕವನ್ನೂ ನೋಡಿರಿ

"ಅವ್ವಾ, ಸ್ವಾಮಿ ರಾಮಾನಂದ ತೀರ್ಥರು ಯಾರು? ತಿಳಕೊಂಡು ಬರೀರಿ ಅಂದಾರ ಗುರುಗಳು."

ಮಗಳು ಹೀಗೆ ಕೇಳಿದರೆ 'ನನಗೇನು ಗೊತ್ತು' ಅನ್ನಬೇಡಿರಿ, ಅಕ್ಕಾ. ಪಾಠದ ಪುಸ್ತಕ ತೆಗೆದು ಕೂಡಿ ಓದಿರಿ.

ಅವರು ನಮಗೆ ಹತ್ತಿರದ ಸಿಂದಗಿಯಲ್ಲಿ 1903ರಲ್ಲಿ ಹುಟ್ಟಿದರು. ಶಾಲೆಯ ಗುರುಗಳೂ ಆಗಿದ್ದರು. ಆಗ ನಮ್ಮ ಕಲಬುರಗಿ ಸೀಮೆ ನಿಜಾಮನ ರಾಜ್ಯದಲ್ಲಿತ್ತು. ನಿಜಾಮ ಭಾರತ ಸೇರಲು ಒಪ್ಪಲಿಲ್ಲ. ಸ್ವಾಮಿಗಳು ಎದುರು ನಿಂತರು, ಜೈಲು ಕಂಡರು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ.

ಇಷ್ಟು ಪುಸ್ತಕದ ಮಾತು. ಓಣಿಯಲ್ಲಿ ತೊಂಬತ್ತರ ಹತ್ತಿರದ ಆಯಿ, ಮುತ್ಯಾ ಇದ್ದರೆ ಮಗಳನ್ನು ಕಳಿಸಿರಿ. ರಜಾಕಾರರ ಹಾವಳಿಯಲ್ಲಿ ಊರು ಬಿಟ್ಟಿದ್ದರೇ? ಏನು ಉಂಡರು? ಇದು ಪಾಠದಲ್ಲಿ ಇರೋದಿಲ್ಲ, ಅವರ ಸಂಗಡ ಹೋಗಿಬಿಡುತ್ತದೆ.

ಹೇಳಿದವರ ಹೆಸರೂ ಬರೆಯಲಿ. ಎರಡು ಮಾತು ಕೂಡದಿದ್ದರೆ ಎರಡನ್ನೂ ಬರೆಯಲಿ, ಒಂದನ್ನು ಅಳಿಸುವುದು ಬೇಡ. ಬರೆದದ್ದನ್ನು ಆಯಿಗೆ ನೀವೇ ಓದಿ ಹೇಳಿರಿ.