ಕುಡಿತ ಬಿಡುವವರ ಸಭೆ: ಎಲ್ಲಿದೆ, ಯಾವುದು ಹೊಂದುತ್ತದೆ

ಆಲ್ಕೊಹಾಲಿಕ್ಸ್ ಅನಾನಿಮಸ್, ಸದಸ್ಯರ ಬಾಯಲ್ಲಿ ಬರೀ ‘ಎ.ಎ.’, ಕುಡಿತ ಬಿಡಬೇಕೆಂದುಕೊಂಡವರು ತಾವೇ ನಡೆಸಿಕೊಳ್ಳುವ ಸಭೆಗಳ ಬಳಗ. ಅದು ಹುಟ್ಟಿದ್ದೂ ಒಂದು ಹುಡುಕಾಟದಿಂದಲೇ. 1935ರಲ್ಲಿ ನ್ಯೂಯಾರ್ಕಿನ ಷೇರು ವ್ಯವಹಾರಸ್ಥ ಬಿಲ್ ವಿಲ್ಸನ್ ಕೆಲಸದ ಮೇಲೆ ಓಹಾಯೊ ರಾಜ್ಯದ ಆಕ್ರನ್‌ಗೆ ಹೋಗಿದ್ದರು. ಕೆಲವು ತಿಂಗಳ ಹಿಂದಷ್ಟೇ ಕುಡಿತ ಬಿಟ್ಟಿದ್ದರು. ಹೋಟೆಲಿನ ಬಾರ್ ಸೆಳೆಯತೊಡಗಿದಾಗ, ತಮ್ಮಂಥ ಇನ್ನೊಬ್ಬರ ಜೊತೆ ಮಾತಾಡಿದರೆ ಉಳಿದುಕೊಳ್ಳಬಹುದು ಎಂದುಕೊಂಡು ಊರಿನ ಚರ್ಚುಗಳಿಗೆ ಫೋನ್ ಮಾಡುತ್ತ ಹೋದರು. ಕೊನೆಗೆ ಸಿಕ್ಕವರು ಅದೇ ಊರಿನ ಶಸ್ತ್ರವೈದ್ಯ ಬಾಬ್ ಸ್ಮಿತ್. ಅದೇ ವರ್ಷದ ಜೂನ್ 10, ಸ್ಮಿತ್ ಕೊನೆಯ ಬಾರಿ ಕುಡಿದ ದಿನ, ಎ.ಎ.ಯ ಹುಟ್ಟುಹಬ್ಬ. ಭಾರತಕ್ಕೆ ಅದು ಬಂದದ್ದು 1950ರ ದಶಕದಲ್ಲಿ.

ಸಭೆಗೆ ಮುಂಚೆ ವೈದ್ಯರನ್ನು ಕಾಣಬೇಕಾದವರೂ ಇದ್ದಾರೆ. ವರ್ಷಗಟ್ಟಲೆ ದಿನವೂ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು ಶುರುವಾಗುತ್ತವೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡು ಮೂರನೇ ದಿನದ ಹೊತ್ತಿಗೆ ದಿಕ್ಕು ತಪ್ಪಿದ ಮಾತು, ಇಲ್ಲದ್ದು ಕಾಣುವುದು ಆರಂಭವಾದರೆ ಅದು ಜೀವಕ್ಕೇ ಅಪಾಯ. ಮನೆಯವರು ಇದನ್ನು ಹಟ, ನಾಟಕ ಎಂದು ತಿಳಿಯುವುದುಂಟು. ಈ ಹಂತಕ್ಕೆ ಬೇಕಾದ್ದು ಆಸ್ಪತ್ರೆ, ಸಭೆಯಲ್ಲ. ಸಭೆಯ ಕೆಲಸವಿರುವುದು ಆಮೇಲಿನ ತಿಂಗಳು, ವರ್ಷಗಳಲ್ಲಿ.

ವಿಳಾಸ ಸಿಗುವ ದಾರಿಗಳು ಹಲವು. ಎ.ಎ.ಯ ಭಾರತದ ಕೇಂದ್ರ ಕಚೇರಿ ಮುಂಬೈಯಲ್ಲಿದೆ. ಯಾವ ಊರಿನಲ್ಲಿ, ಯಾವ ವಾರ, ಎಷ್ಟು ಗಂಟೆಗೆ ಸಭೆ ಎಂಬ ಪಟ್ಟಿ ಬಳಗದ ಜಾಲತಾಣದಲ್ಲೂ ಇರುತ್ತದೆ. ಪಟ್ಟಿಗಳು ಹಳತಾಗುವುದರಿಂದ ಹೊರಡುವ ಮುನ್ನ ಅಲ್ಲಿ ಕೊಟ್ಟ ಸಂಖ್ಯೆಗೆ ಒಂದು ಕರೆ ಮಾಡುವುದು ಮೇಲು. ಬೀಗ ಹಾಕಿದ ಬಾಗಿಲ ಮುಂದೆ ನಿಂತು ವಾಪಸಾದವರು ಎರಡನೇ ಸಲ ಹೊರಡುವುದು ಕಷ್ಟ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗವಿದೆ. ಇಂಥ ಕಡೆ ಸಮಾಲೋಚಕರನ್ನು ಕೇಳಿದರೆ ಹತ್ತಿರದ ಗುಂಪಿನ ಸುಳಿವು ಸಿಗುತ್ತದೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446.

ಯಾರಾದರೂ ಕೈಹಿಡಿದು ಕರೆದುಕೊಂಡು ಹೋದರೆ ಫಲ ಹೆಚ್ಚು. ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2020ರ ಪರಾಮರ್ಶೆ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನೊಳಗೊಂಡ 27 ಅಧ್ಯಯನಗಳನ್ನು ಒಟ್ಟಿಗೆ ನೋಡಿತು. ಚಿಕಿತ್ಸಕರು ಕ್ರಮಬದ್ಧವಾಗಿ ಎ.ಎ.ಗೆ ಜೋಡಿಸಿದ ರೋಗಿಗಳಲ್ಲಿ ಪೂರ್ತಿ ಕುಡಿತ ಬಿಟ್ಟವರ ಪ್ರಮಾಣ ಇತರ ಮಾನಸಿಕ ಚಿಕಿತ್ಸೆಗಳನ್ನು ಪಡೆದವರಿಗಿಂತ ಹೆಚ್ಚಿತ್ತು. ಚೀಟಿಯಲ್ಲಿ ವಿಳಾಸ ಬರೆದು ಕೊಟ್ಟು ಕಳಿಸುವುದಕ್ಕೂ ಇದಕ್ಕೂ ಬಹಳ ವ್ಯತ್ಯಾಸವಿದೆ.

ಸಭೆಗಳಲ್ಲಿ ಎರಡು ಬಗೆ. ‘ಓಪನ್’ ಸಭೆಗೆ ಮನೆಯವರು, ವಿದ್ಯಾರ್ಥಿಗಳು, ಯಾರು ಬೇಕಾದರೂ ಬರಬಹುದು. ‘ಕ್ಲೋಸ್ಡ್’ ಸಭೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಜಾಗ ಹೆಚ್ಚಾಗಿ ಚರ್ಚಿನ ಹಾಲ್, ಶಾಲೆಯ ಕೋಣೆ, ಆಸ್ಪತ್ರೆಯ ಒಂದು ಮೂಲೆ. ಚರ್ಚಿನಲ್ಲಿ ನಡೆದರೂ ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. ಆದರೆ ಕುಡಿತದಿಂದ ಹೊರಬರಲು ಅದು ಹಾಕಿಕೊಟ್ಟ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುವುದು ನಿಜ, ಅದು ಕೆಲವರಿಗೆ ಹಿಡಿಸದಿರುವುದೂ ನಿಜ. ಒಂದು ಒಂದೂವರೆ ಗಂಟೆ ಒಬ್ಬೊಬ್ಬರಾಗಿ ತಮ್ಮ ಕಥೆ ಹೇಳುತ್ತಾರೆ. ನಡುವೆ ಬಾಯಿ ಹಾಕುವಂತಿಲ್ಲ, ಬುದ್ಧಿ ಹೇಳುವಂತಿಲ್ಲ. ಹೊಸಬರು ಸುಮ್ಮನೆ ಕೂತು ಕೇಳಿ ಎದ್ದು ಹೋದರೂ ನಡೆಯುತ್ತದೆ. ಹೆಸರಿನ ಮುಂದೆ ಮನೆತನ, ಊರು, ಹುದ್ದೆ ಯಾವುದೂ ಬೇಕಿಲ್ಲ. ಶುಲ್ಕವಿಲ್ಲ, ಸದಸ್ಯರು ಕೈಲಾದದ್ದನ್ನು ಹಾಕಿ ಬಾಡಿಗೆ, ಚಹಾದ ಖರ್ಚು ತೂಗಿಸುತ್ತಾರೆ. ಪ್ರವೇಶಕ್ಕೆ ಹಣ ಕೇಳುವ ಸಭೆ ಎ.ಎ.ಯದ್ದಲ್ಲ.

ಆರಿಸುವಾಗ ದೂರಕ್ಕಿಂತ ಮೊದಲು ನೋಡಬೇಕಾದ್ದು ಭಾಷೆ. ಬೆಂಗಳೂರಿನಂಥ ಊರಿನಲ್ಲಿ ಕನ್ನಡದ ಜೊತೆಗೆ ಇಂಗ್ಲಿಷ್, ತಮಿಳು ಸಭೆಗಳೂ ನಡೆಯುತ್ತವೆ. ಇಂಗ್ಲಿಷಿನಲ್ಲಿ ಕಚೇರಿ ನಡೆಸುವವರಿಗೂ ಹೆಂಡತಿಯ ಒಡವೆ ಅಡವಿಟ್ಟು ಕುಡಿದ ಸಂಗತಿ ಬಾಯಿಗೆ ಬರುವುದು ಮನೆಮಾತಿನಲ್ಲೇ. ಎರಡನೆಯದು ಹೊತ್ತು. ಆಸೆ ಕೆರಳುವುದು ಕೆಲಸ ಬಿಟ್ಟ ಮೇಲಿನ ಸಂಜೆ. ಆ ಹೊತ್ತನ್ನೇ ತುಂಬುವ ಸಭೆ ಹೆಚ್ಚು ಉಪಯೋಗಿ. ಗಂಡಸರೇ ತುಂಬಿದ ಕೋಣೆಯಲ್ಲಿ ಬಾಯಿ ಬಿಡಲಾರದ ಹೆಂಗಸರು ಮಹಿಳೆಯರ ಸಭೆ ಅಥವಾ ಆನ್‌ಲೈನ್ ಸಭೆ ಇದೆಯೇ ಎಂದು ವಿಚಾರಿಸಬಹುದು. ಮೊದಲ ಸಭೆ ಹಿಡಿಸದಿದ್ದರೆ ಬೇರೆ ಗುಂಪು ನೋಡಬೇಕು. ಒಂದೊಂದರ ಹದ ಒಂದೊಂದು. ಹೊಂದುವ ಗುಂಪು ಸಿಕ್ಕ ಮೇಲೆ ಹಳಬರೊಬ್ಬರನ್ನು ‘ಸ್ಪಾನ್ಸರ್’ ಆಗಿರಿ ಎಂದು ಕೇಳುವುದು ವಾಡಿಕೆ: ರಾತ್ರಿ ಕೈ ಬಾಟಲಿಯತ್ತ ಹೋಗುವಾಗ ಫೋನ್ ಎತ್ತಬೇಕಾದವರು ಅವರು.

ಎ.ಎ. ಮುಟ್ಟದ ಹಳ್ಳಿಗಳಲ್ಲಿ ಕರ್ನಾಟಕದ್ದೇ ಆದ ಇನ್ನೊಂದು ದಾರಿಯಿದೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯೊಂದಿಗೆ ಸೇರಿ ಜನಜಾಗೃತಿ ವೇದಿಕೆ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತದೆ. ಅಲ್ಲಿ ಕುಡಿತ ಬಿಟ್ಟವರು ಆಮೇಲೆ ‘ನವಜೀವನ ಸಮಿತಿ’ಯಾಗಿ ಸೇರುತ್ತಾರೆ. ಎ.ಎ. ಹೆಸರು ಮುಚ್ಚಿಡುವುದರಲ್ಲಿ ನಂಬಿಕೆ ಇಟ್ಟಿದ್ದರೆ, ಶಿಬಿರ ನಡೆಯುವುದು ಊರವರ ಕಣ್ಣೆದುರೇ. ಯಾರು ಕುಡಿಯುತ್ತಾರೆಂದು ಎಲ್ಲರಿಗೂ ಗೊತ್ತಿರುವ ಊರಿನಲ್ಲಿ ಗುಟ್ಟಿನ ಬೆಲೆ ಹೇಗೂ ಕಡಿಮೆ. ಬಿಟ್ಟಿದ್ದಾನೆಂದು ಎಲ್ಲರಿಗೂ ಗೊತ್ತಾಗುವುದೇ ಅಲ್ಲಿ ಆಸರೆ.

ಬಿಟ್ಟವರು ಮತ್ತೆ ಕುಡಿಯುವುದು ಅಪರೂಪವಲ್ಲ. ಹಾಗಾದವರಿಗೂ ಸಭೆಯ ಬಾಗಿಲು ತೆರೆದಿರುತ್ತದೆ. ಸದಸ್ಯತ್ವಕ್ಕೆ ಇರುವ ಷರತ್ತು ಬಿಡಬೇಕೆಂಬ ಆಸೆ ಒಂದೇ, ಬಿಟ್ಟ ದಿನಗಳ ಲೆಕ್ಕವಲ್ಲ. ಕುಡಿಯುವವರು ಬರಲೊಪ್ಪದಿದ್ದರೆ ಮನೆಯವರು ತಾವೇ ಹೋಗಲು ‘ಅಲ್-ಅನಾನ್’ ಎಂಬ ಬೇರೆ ಬಳಗವಿದೆ. ಬಿಲ್ ವಿಲ್ಸನ್ ಅವರ ಪತ್ನಿ ಲೋಯಿಸ್ 1951ರಲ್ಲಿ ಇನ್ನೊಬ್ಬ ಸದಸ್ಯರ ಪತ್ನಿಯೊಡನೆ ಸೇರಿ ಕಟ್ಟಿದ್ದು ಅದು. ಅಲ್ಲಿಗೆ ಸೇರಲು ಗಂಡನೋ ಮಗನೋ ಕುಡಿತ ಬಿಟ್ಟಿರಬೇಕೆಂದೇನಿಲ್ಲ.